ಎಲೆ ಪುಟ್ಟಿಯ ಮೇಲಿನ ಗುಂಡುಪಾದದ ಅಕ್ಷರ

ಎಲೆ ಪುಟ್ಟಿಯನ್ನು ಕಂಡರೆ ನಮ್ಮ ಕಡೆಯ ಜನ ಸುಮ್ಮನೆ ದಾಟಿ ಹೋಗುವುದಿಲ್ಲ. ವೀಳ್ಯದೆಲೆ ತುಂಬಿದ ಬಿದಿರಿನ ಪುಟ್ಟಿ ಬಂಡಿಯಲ್ಲಿರಲಿ, ಬಸ್ಸಿನ ತಲೆಯ ಮೇಲಿರಲಿ, ಸ್ಟೇಷನ್ನಿನ ಕಲ್ಲುಹಾಸಿನ ಮೇಲಿರಲಿ, ಹತ್ತಿರದಲ್ಲಿ ನೀರು ಸಿಕ್ಕರೆ ಒಂದು ಬೊಗಸೆ ಚಿಮುಕಿಸಿಯೇ ಮುಂದೆ ಹೋಗುತ್ತಾರೆ. ಪುಟ್ಟಿ ಯಾರದು ಎಂದು ಕೇಳುವುದಿಲ್ಲ. ಎಲೆ ಬಾಡಬಾರದು, ಅಷ್ಟೇ. ನನ್ನ ಅಜ್ಜಿ ಈ ರೂಢಿಯನ್ನು ಕಲಿಸುವಾಗ, "ಅದಕ್ಕೂ ನೀರಡಿಕಿ ಆಗಿರತೈತಿ, ಹಾಕು" ಅನ್ನುತ್ತಿದ್ದಳು. ಪುಟ್ಟಿಗೂ ಒಂದು ಬಾಯಿ ಇದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ.

ಇಂಥ ಒಳ್ಳೆಯ ರೂಢಿಯೇ ಒಬ್ಬ ಹೆಣ್ಣುಮಗಳ ತೋಟಕ್ಕೆ ಕುತ್ತು ತಂದಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಸವಣೂರಿನ ಒಂದು ಸಣ್ಣ ಛಾಪಖಾನೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದೆ, ಬೇಡಿಕೆ ಬಂದಾಗ ಕಟ್ಟಿಗೆಯ ಅಚ್ಚುಗಳನ್ನೂ ಕೊರೆಯುತ್ತಿದ್ದೆ. ಛಾಪಖಾನೆಯ ಮಾಲೀಕರು ವಯಸ್ಸಾದವರು. ಊರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿತ್ತು. ನನ್ನ ಬಾಯಿಯಲ್ಲಿರುವ ಕನ್ನಡದಲ್ಲಿ ಅರ್ಧ ಅಜ್ಜಿಯದಾದರೆ ಇನ್ನರ್ಧ ಚಾಚಾ ಅವರದು. ಮನೆಯಲ್ಲಿ ಅವರು ಉರ್ದು ಆಡುತ್ತಿದ್ದರು. ಅಂಗಡಿಯಲ್ಲಿ ಅವರಾಡುವ ಕನ್ನಡ ಕೇಳಲೆಂದೇ ಕೆಲವರು ಕೆಲಸವಿಲ್ಲದೆಯೂ ಬಂದು ಕೂಡುತ್ತಿದ್ದರು.

ಆ ಹೆಣ್ಣುಮಗಳು ಒಂದು ಮುಂಜಾನೆ ಬಂದು, ಸೆರಗಿನ ಗಂಟು ಬಿಚ್ಚಿ, ತೊಯ್ದು ಮುದ್ದೆಯಾಗಿ ಮತ್ತೆ ಒಣಗಿದ ಒಂದು ಕಾಗದವನ್ನು ನನ್ನ ಮುಂದಿದ್ದ, ಮೊಳೆ ಜೋಡಿಸುವ ಕಲ್ಲಿನ ಮೇಲೆ ಇಟ್ಟಳು.

"ಇದನ್ನ ಓದ್ರಿ ನೋಡೋಣು."

ನೋಡಿದೆ. ಕಂದು ಕಾಗದದ ಮೇಲೆ ನೀಲಿ ಮೋಡ ಇಳಿದಂತಿತ್ತು. ಅಕ್ಷರಗಳಿದ್ದವು ಎಂಬ ಗುರುತು ಇತ್ತು, ಅಕ್ಷರ ಇರಲಿಲ್ಲ.

"ಓದಾಕ ಬರಂಗಿಲ್ಲವ್ವಾ. ಯಾರು ಅಚ್ಚು ಹಾಕ್ಯಾರ ಇದನ್ನ?"

"ನೀವ."

ಚಾಚಾ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದವರು ಎಷ್ಟು ನಕ್ಕರೆಂದರೆ ಸುಣ್ಣದ ಬೆರಳು ಗಡ್ಡಕ್ಕೆ ತಾಗಿತು. "ಕೂಡವ್ವಾ, ಕೂಡು. ಬರದವನಿಗೇ ಓದಾಕ ಬರಲಿಲ್ಲ ಅಂದಮ್ಯಾಲ ತಪ್ಪು ನಮ್ದ ಐತಿ. ಏನಾತು ಹೇಳು."

ಆಗಿದ್ದು ಇಷ್ಟು. ಊರಿನಾಚೆ ಆಕೆಯ ಮನೆತನದ ಎಲೆಬಳ್ಳಿಯ ತೋಟ ಇತ್ತು. ಗಂಡ ಏಣಿಯ ಮೇಲೆ ನಿಂತು ಎಲೆ ಕೊಯ್ಯುವಾಗ ಬಿದ್ದು ಬೆನ್ನು ನೋಯಿಸಿಕೊಂಡು ಮಲಗಿದ್ದ. ತೋಟದ ಹೊಣೆ ಆಕೆಯ ತಲೆಯ ಮೇಲೆ ಬಂತು. ಅದೇ ಹೊತ್ತಿಗೆ, ವರ್ಷಗಳಿಂದ ಎಲೆ ಕೊಳ್ಳುತ್ತಿದ್ದ ಊರಿನ ವ್ಯಾಪಾರಿ ಅಂಗಡಿ ಮುಚ್ಚಿದ. ಆಕೆ ಗುರುತಿನವರ ಮೂಲಕ ಮಿರಜದ ಒಬ್ಬ ವ್ಯಾಪಾರಿಯನ್ನು ಹಿಡಿದಳು. ಎಲೆ ಬಂಡಿಯಲ್ಲಿ ಯಲವಿಗಿ ಸ್ಟೇಷನ್ನಿಗೆ ಹೋಗಬೇಕು, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿ, ಬೆಳಗಾವಿ ದಾಟಿ ಮಿರಜಕ್ಕೆ. ಖಾಲಿ ಪುಟ್ಟಿಗಳು ಅದೇ ದಾರಿಯಲ್ಲಿ ತಿರುಗಿ ಬರಬೇಕು. ಪುಟ್ಟಿಗಳಿಗೆ ಅಂಟಿಸಲು ಊರಿನ ಹೆಸರಿನ ಕಾಗದದ ಚೀಟಿಗಳನ್ನು ನಮ್ಮಲ್ಲೇ ಅಚ್ಚು ಹಾಕಿಸಿದ್ದರು.

ಎರಡು ಸಲ ಪುಟ್ಟಿಗಳು ನಡುದಾರಿಯಲ್ಲೇ ಉಳಿದವು. ಎಲ್ಲಿಗೆ ಹೋಗಬೇಕೆಂದು ಓದಲು ಯಾರಿಗೂ ಆಗಲಿಲ್ಲ. ದಾರಿಯುದ್ದಕ್ಕೂ ಪುಣ್ಯಾತ್ಮರು ನೀರು ಹಾಕಿದ್ದರು. ಹುಣಸೆ ಬೀಜದ ಅಂಟು ಕರಗಿ ಚೀಟಿ ಕೆಳಗೆ ಬಿದ್ದಿತ್ತು, ಬೀಳದೆ ಉಳಿದದ್ದು ಹೀಗೆ ಮೋಡವಾಗಿತ್ತು. ಮಿರಜ ತಲುಪುವ ಹೊತ್ತಿಗೆ ಎಲೆ ಹಳದಿಯಾಗಿ ನಾರುತ್ತಿತ್ತಂತೆ.

ಮಿರಜದ ಆ ವ್ಯಾಪಾರಿಯದೊಂದು ಪದ್ಧತಿ. ಎಲೆ ಮನಸ್ಸಿಗೆ ಬಂದರೆ ಖಾಲಿ ಪುಟ್ಟಿಯೊಳಗೆ ಹೊಸ ಹುಲ್ಲು ಹಾಸಿ ಕಳಿಸುತ್ತಿದ್ದ. ಮತ್ತೆ ತುಂಬಿ ಕಳಿಸಿರಿ ಎಂದು ಅದರ ಅರ್ಥ. ಎರಡೂ ಸಲ ಪುಟ್ಟಿಗಳು ಬೋಳಾಗಿ ಬಂದಿದ್ದವು. ಜೊತೆಗೆ ಗುರುತಿನವರ ಬಾಯಲ್ಲಿ ಒಂದು ಮಾತೂ ಬಂದಿತ್ತು: ಇನ್ನೊಂದು ಸಲ ನೋಡುತ್ತೇನೆ, ಅದೂ ಹೀಗೆಯೇ ಆದರೆ ಬೇರೆ ತೋಟ ನೋಡಿಕೊಳ್ಳುತ್ತೇನೆ.

"ನಮ್ಮ ಮಾವ ಹತ್ತಿ ಬೀಜ ತಂದು ಜಂತಿಗೆ ತೂಗು ಹಾಕ್ಯಾನ್ರಿ," ಅಂದಳು. "ಯುಗಾದಿ ಮುಗದ ಮರುದಿನ ಬಳ್ಳಿ ಕಡದು ಹತ್ತಿ ಊರ್ತೇನಿ ಅಂತಾನ. ನಾ ಅಡಗಿ ಮಾಡುವಾಗ ತಲಿ ಎತ್ತಿದ್ರ ಸಾಕು, ಆ ಬೀಜದ ಚೀಲ ಕಾಣತೈತಿ."

ಎಲೆಬಳ್ಳಿಯನ್ನು ಬೆಳೆಸುವುದು ಕೂಸನ್ನು ಬೆಳೆಸಿದಂತೆ. ನುಗ್ಗೆ, ಚೊಗಚಿ ಗಿಡಗಳಿಗೆ ಹಬ್ಬಿಸಬೇಕು, ಎತ್ತರಕ್ಕೆ ಹೋದದ್ದನ್ನು ಇಳಿಸಿ ಮಣ್ಣಿಗೆ ಸುತ್ತಬೇಕು, ಬಿಸಿಲು ತಾಗಿದರೂ ಕಷ್ಟ, ತಾಗದಿದ್ದರೂ ಕಷ್ಟ. ಒಮ್ಮೆ ಕಡಿದರೆ ಮತ್ತೆ ಅಂಥ ತೋಟ ಮಾಡಲು ಒಬ್ಬರ ಆಯುಷ್ಯದ ಒಳ್ಳೆಯ ಭಾಗ ಬೇಕು. ಯುಗಾದಿ ದೂರ ಇರಲಿಲ್ಲ.

"ನೀರು ಹಾಕಬ್ಯಾಡ್ರಿ ಅಂತ ಮಂದಿಗೆ ಹೇಳಾಕ ಬರಂಗಿಲ್ಲೇನು?" ಎಂದು ನಾನು ಕೇಳಿಬಿಟ್ಟೆ.

ಆಕೆ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. "ನೀರು ಹಾಕದಿದ್ರ ಎಲಿ ಬಾಡತೈತಿ. ಹಾಕಿದ್ರ ಅಕ್ಷರ ಹೋಗತಾವ. ಎಲಿ ನಂದು, ಅಕ್ಷರ ನಿಮ್ದು. ನೀವ ಏನಾರ ಮಾಡ್ರಿ."

ಹಾಗೆ ಶುರುವಾಯಿತು.

ಮೊದಲು ಕಾಗದ ಬಿಟ್ಟು ತಟ್ಟಿನ ಮೇಲೆ, ಅಂದರೆ ಗೋಣಿಯ ತುಂಡಿನ ಮೇಲೆ, ನಮ್ಮ ಸೀಸದ ದೊಡ್ಡ ಮೊಳೆಗಳನ್ನೇ ಒತ್ತಿ ನೋಡಿದೆ. ಮದುವೆ ಪತ್ರಿಕೆಗಳಿಗೆಂದು ತರಿಸಿದ ಹೊಸ ನಮೂನೆಯ ಅಕ್ಷರಗಳವು, ಸಣ್ಣ ಸೊಂಟ, ಚೂಪು ತುದಿ. ನಯವಾದ ಕಾಗದದ ಮೇಲೆ ಎಷ್ಟು ಚೆಂದವೋ ಗೋಣಿಯ ಮೇಲೆ ಅಷ್ಟು ಅನಾಥ. ಬೆಳಗಾವಿಯ ಆಚೆಯ ಮರಾಠಿ ಮಂದಿಗೂ ಓದಲು ಬರಲೆಂದು ಹೆಸರು ಇಂಗ್ಲಿಷಿನಲ್ಲಿರಬೇಕಿತ್ತು. ಇಂಗ್ಲಿಷಿನಲ್ಲಿ ಮಿರಜ ಎಂದು ಬರೆದರೆ ಎರಡನೆಯದು ಐ. ಆ ಐ ಬರೀ ಒಂದು ಕಡ್ಡಿ. ಗೋಣಿಯ ನೂಲೇ ಅದಕ್ಕಿಂತ ದಪ್ಪ ಇತ್ತು. ಅದು ನೂಲಿನ ನಡುವೆ ಹೊಕ್ಕು ಕಾಣೆಯಾಯಿತು. ಉಳಿದ ಅಕ್ಷರಗಳ ತುದಿಗಳನ್ನು ಎಳೆಗಳು ನುಂಗಿ ಹಾಕಿದವು.

ಆಮೇಲೆ ಬಣ್ಣದ ಪಾಳಿ. ಅರಿವೆಗಳಿಗೆ ಗುರುತು ಹಾಕುವ ಕೇರು ಬೀಜದ ರಸ ನೀರಿಗೆ ಜಗ್ಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅದನ್ನೇ ತಂದೆ. ಆಕೆ ದೂರದಿಂದಲೇ ನೋಡಿ ಹಿಂದೆ ಸರಿದಳು.

"ಅದು ತಾಗಿದ್ರ ಕೈತುಂಬ ಗುಳ್ಳಿ ಏಳತಾವ್ರಿ. ಅದ ಕೈಲೆ ಎಲಿ ಕಟ್ಟೂದು, ಮಂದಿ ಅದನ್ನ ಬಾಯಾಗ ಹಾಕೊಳ್ಳೂದು. ಬ್ಯಾಡ, ಬ್ಯಾಡ."

ಕೊನೆಗೆ ಅಗಸೆ ಎಣ್ಣೆಯನ್ನು ಕುದಿಸಿ, ಗಟ್ಟಿ ಮಾಡಿ, ದೀಪದ ಕಪ್ಪನ್ನು ಅರೆದು ಕೂಡಿಸಿದೆವು. ಆರಲು ದಿನಗಟ್ಟಲೆ ಬೇಕು, ಆದರೆ ಆರಿತೆಂದರೆ ನೀರು ಅದರ ಮೇಲಿಂದ ಉರುಳಿ ಹೋಗುತ್ತದೆ. ಬಣ್ಣ ಒಂದು ದಾರಿಗೆ ಬಂತು. ಅಕ್ಷರ ಬಂದಿರಲಿಲ್ಲ.

ಆಗ ಚಾಚಾ ಎದ್ದು ಹೋಗಿ, ಹಿಂದಿನ ಬಾಗಿಲು ಬಡಿದುಕೊಳ್ಳದಂತೆ ಆನಿಸಿಟ್ಟಿದ್ದ ಒಂದು ಪೆಟ್ಟಿಗೆಯನ್ನು ಕಾಲಿನಿಂದ ದೂಡುತ್ತ ತಂದರು. ಬಾಗಿಲು ಧಡ್ ಎಂದು ಬಡಿಯಿತು. ಒಳಗೆ ಕಟ್ಟಿಗೆಯ ದೊಡ್ಡ ಇಂಗ್ಲಿಷ್ ಅಕ್ಷರಗಳು. ಹಿಂದಿನ ಕಾಲದ ನಾಟಕ ಕಂಪನಿಗಳ, ಸರ್ಕಸ್ಸುಗಳ ಗೋಡೆ ಜಾಹೀರಾತಿಗೆ ಬಳಸುತ್ತಿದ್ದಂಥವು.

"ಚಪ್ಪಲಿ ಅಕ್ಷರ ಅಂತಿದ್ವಿ ಇವಕ್ಕ," ಅಂದರು. "ಈಗ ಯಾರಿಗೂ ಬ್ಯಾಡ. ಲಗ್ನದ ಮಂದಿಗೆ ತೋರಿಸಿದ್ರ, ಇವೇನು ಚಾಚಾ, ಅಜ್ಜನ ಕಾಲದ್ದು ಅಂತಾರ. ಅಜ್ಜನ ಕಾಲದಾಗೂ ಮಂದಿ ಲಗ್ನ ಆಗಿದ್ರಪ್ಪಾ."

ಒಂದೊಂದಾಗಿ ಒರೆಸಿ ಬೆಳಕಿಗೆ ಹಿಡಿದೆ. ಪ್ರತಿ ಅಕ್ಷರದ ಕಾಲ ತುದಿಗೂ ದಪ್ಪನೆಯ ಅಡ್ಡ ಪಾದ. ಸೂಜಿಯಂತೆ ಚೂಪಾಗುವ ತುದಿ ಎಲ್ಲಿಯೂ ಇಲ್ಲ. ಮೈಯೆಲ್ಲ ಒಂದೇ ದಪ್ಪ, ಹೊಟ್ಟೆ ದೊಡ್ಡದು, ಅಂಚುಗಳೆಲ್ಲ ಗುಂಡು. ಹೊಸ ಅಕ್ಷರಗಳು ತುದಿಗಾಲಲ್ಲಿ ನಿಂತು ಯಾರನ್ನೋ ಹುಡುಕುವವರ ಹಾಗೆ ಕಂಡರೆ, ಇವು ಉಂಡು, ಎಲೆ ಹಾಕಿಕೊಂಡು, ಕಟ್ಟೆಯ ಮೇಲೆ ಕುಳಿತ ಹಿರಿಯರ ಹಾಗೆ ಕಂಡವು. ಗಾಂಭೀರ್ಯವಿದೆ, ಬಿಗುಮಾನ ಇಲ್ಲ. ಐ ಅಕ್ಷರವಂತೂ ಮೇಲೊಂದು ಕೆಳಗೊಂದು ಪಾದ ಇಟ್ಟುಕೊಂಡು ಕಂಬದಂತೆ ನಿಂತಿತ್ತು. ಅದನ್ನು ಯಾವ ಗೋಣಿಯೂ ನುಂಗಲಾರದು ಎಂದು ನೋಡಿದೊಡನೆ ತಿಳಿಯಿತು.

ಆದರೆ ಅವನ್ನು ಹಾಗೆಯೇ ಬಳಸುವಂತಿರಲಿಲ್ಲ. ಗೇಣುದ್ದದ ಅಕ್ಷರಗಳವು, ಪುಟ್ಟಿಯ ಮೇಲೆ ಹೊಲಿಯುವ ಗೋಣಿಯ ತೇಪೆಗೆ ಹಿಡಿಯುತ್ತಿರಲಿಲ್ಲ. ಜೆ ಅಕ್ಷರವನ್ನು ಇಲಿ ಕಡಿದಿತ್ತು. ಚಿಕ್ಕದಾಗಿ, ಇಡೀ ಹೆಸರನ್ನು ಒಂದೇ ಅಚ್ಚಿನಲ್ಲಿ ಹೊಸದಾಗಿ ಕೊರೆಯಬೇಕಿತ್ತು.

ಕಟ್ಟಿಗೆಗಾಗಿ ಬಸ್ಸು ಹಿಡಿದು ಹಾನಗಲ್ಲಿಗೆ ಹೋದೆ. ಅಲ್ಲಿ ನನಗೆ ಪರಿಚಯದ ಒಬ್ಬ ಬಡಿಗ ಇದ್ದ. ಸಾಗವಾನಿಯ ಹಲಗೆಯನ್ನು ಉದ್ದಕ್ಕೆ ಕೊಯ್ದರೆ ಎಳೆ ಎದ್ದು ಅಕ್ಷರ ಸೀಳುತ್ತದೆ, ಬೊಡ್ಡೆಯನ್ನು ಅಡ್ಡ ಕೊಯ್ದರೆ ಎಳೆಗಳೆಲ್ಲ ನೆಟ್ಟಗೆ ನಿಂತು ಉಳಿಯ ಮಾತು ಕೇಳುತ್ತವೆ. ಅವನಿಗೂ ನನಗೂ ಇದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಇದ್ದದ್ದು ಬೇರೆಯದರಲ್ಲಿ.

"ಇಷ್ಟು ಚಲೋ ತುಂಡು ಎಲಿ ಪುಟ್ಟಿ ಸಲುವಾಗಿ ಬೇಕೇನು? ದೇವರನ್ನ ಕೂಡ್ಸೋ ಒಂದು ಮಣಿ ಆಗತಿತ್ತಲ್ಲೋ ಇದರಾಗ."

"ದೇವರಿಗೂ ಎಲಿ ಬೇಕಲ್ಲೋ ಮಾರಾಯಾ."

"ಮಾತಿಗೇನು ಕಡಿಮಿಲ್ಲ ನಿಂದು," ಎಂದು ತುಂಡನ್ನು ಹತ್ತಿಯ ಹಾಗೆ ನಯ ಮಾಡಿ ಕೊಟ್ಟ. ಜೊತೆಗೆ ಕೇಳದೆಯೇ ಒಂದು ಸಣ್ಣ ತುಂಡನ್ನೂ ಇಟ್ಟ, ಕೆಟ್ಟರೆ ಇರಲಿ ಎಂದು. ಆ ಸಣ್ಣ ತುಂಡಿನ ಋಣ ನನ್ನ ಮೇಲಿದೆ. ಏಕೆಂದು ಮುಂದೆ ಹೇಳುತ್ತೇನೆ.

ಎಣ್ಣೆ ಹಚ್ಚಿದ ತೆಳು ಕಾಗದದ ಮೇಲೆ ಅಕ್ಷರ ಬರೆದು, ಕಾಗದವನ್ನು ಬೋರಲು ಹಾಕಿ, ತಿರುವುಮುರುವಾದ ಹೆಸರನ್ನು ಕಟ್ಟಿಗೆಗೆ ಇಳಿಸಿದೆ. ಇಲ್ಲಿ ನನ್ನ ಕೈ ನನಗೆ ಗೊತ್ತಿದ್ದಂತೆ ನಡೆಯಿತು. ಹಳೆಯ ಅಕ್ಷರಗಳ ಪಾದವನ್ನು ತೆಗೆದುಕೊಂಡೆ, ದಪ್ಪ ತೆಗೆದುಕೊಂಡೆ, ದೊಡ್ಡ ಹೊಟ್ಟೆ ತೆಗೆದುಕೊಂಡೆ. ಗುಂಡು ಅಂಚನ್ನು ಮಾತ್ರ ಬಿಟ್ಟೆ. ಅದು ವರ್ಷಗಟ್ಟಲೆ ಒರೆಸಿ, ತೊಳೆದು ಸವೆದದ್ದು ಎಂದು ತಿಳಿದಿದ್ದೆ. ಸವೆದುಹೋದ ಅಜ್ಜನಿಗೆ ಹರೆಯ ಕೊಡುವ ಹುಮ್ಮಸ್ಸಿನಲ್ಲಿ ಪ್ರತಿ ಮೂಲೆಯನ್ನೂ ಉಳಿಯಿಂದ ಕಡಕ್ಕಾಗಿ ತೆಗೆದೆ. ಅಚ್ಚು ಮುಗಿದಾಗ ಮೂಲೆಗಳು ಬೆರಳಿಗೆ ಚುಚ್ಚುತ್ತಿದ್ದವು. ಚಾಚಾ ಕನ್ನಡಕ ಏರಿಸಿ ನೋಡಿ "ವಾಹ್" ಅಂದರು. ನನಗೆ ಊಟ ರುಚಿಸಿತು.

ಗೋಣಿಯ ಕೆಳಗೆ ಕಂಬಳಿಯ ನಾಲ್ಕು ಮಡಿಕೆ ಹಾಸಿ, ಅಚ್ಚನ್ನು ಒತ್ತಿ, ತೇಪೆಗಳನ್ನು ಮಾಡಿದೆವು. ಮೆತ್ತನೆಯ ಹಾಸು ಇದ್ದರೆ ಗೋಣಿಯ ಏರುತಗ್ಗಿಗೆ ಅಚ್ಚು ಹೊಂದಿಕೊಳ್ಳುತ್ತದೆ. ತೇಪೆಗಳು ಆರಿದ ಮೇಲೆ ಆಕೆ ಅವನ್ನು ತೋಟದ ಬೇಲಿಗೆ ಕಟ್ಟಿ, ಹೋಗುವವರು ಬರುವವರೆಲ್ಲ ನೀರು ಹಾಕಿರೆಂದು ಹೇಳಿದಳು. ನಮ್ಮ ಜನಕ್ಕೆ ಹೇಳಬೇಕೆ? ಬೇಲಿಗೆ ಮಳೆಗಾಲ ಬಂತು.

ಕೆಲವು ದಿನ ಬಿಟ್ಟು ಕರೆ ಬಂತು. ಹೋಗಿ ನೋಡಿದೆ. ಬಣ್ಣ ಎಲ್ಲಿಗೂ ಹೋಗಿರಲಿಲ್ಲ, ನೀರು ಸೋತಿತ್ತು. ಆದರೆ ಅಕ್ಷರ ಓದಲು ಆಗುತ್ತಿರಲಿಲ್ಲ. ಒತ್ತುವಾಗಲೇ ಎಣ್ಣೆಯ ಬಣ್ಣ ಚೂಪು ಮೂಲೆಗಳಲ್ಲಿ ಒಟ್ಟುಗೂಡಿ, ಆರುವ ತನಕ ಎಳೆ ಹಿಡಿದು ಹರಿದಿತ್ತು. ಪ್ರತಿ ಮೂಲೆಗೂ ಒಂದು ಜಾಲಿ ಮುಳ್ಳು ಬೆಳೆದಿತ್ತು. ಆರ್ ಅಕ್ಷರದ ಕಾಲು ಎ ಅಕ್ಷರದ ಕಾಲಿಗೆ ಹೆಣೆದುಕೊಂಡಿತ್ತು. ಒಳಮೂಲೆಗಳು ತುಂಬಿ ಹೊಟ್ಟೆಗಳು ಮುಚ್ಚಿದ್ದವು.

ಆಕೆಯ ಮಾವ ಬೇಲಿಯ ಆಚೆ ನಿಂತಿದ್ದ. ಉದ್ದನೆಯ ಆಳು, ತಲೆಗೆ ದೊಡ್ಡ ರುಮಾಲು. ತೇಪೆಯನ್ನು ಹತ್ತಿರದಿಂದ ನೋಡಿ, ದೂರದಿಂದ ನೋಡಿ, ಹೇಳಿದ:

"ಚಲೋ ಆಗೇತಿ. ಬೇಲಿಗೆ ಮುಳ್ಳು ಕಡಿಮಿ ಇದ್ದುವು."

ಸೊಸೆ ತಲೆ ತಗ್ಗಿಸಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಮಾವಾರ, ಬೀಜ ಇಳಿಸಬ್ಯಾಡ್ರಿ ಇನ್ನೂ. ಯುಗಾದಿ ಐತಲ್ಲ," ಅಂದಳು.

"ನಾ ಎಲ್ಲಿ ಇಳಸೇನಿ? ಅದೇ ಇಳದು ಬರತೈತಿ, ಇಲಿ ಹಗ್ಗ ಕಡದ್ರ," ಎಂದು ಮುದುಕ ನಡೆದ.

ಅಂಗಡಿಗೆ ಮರಳಿ, ಮಾಡಲು ಬೇರೇನೂ ತೋಚದೆ, ಚಾಚಾ ಅವರ ಹಳೆಯ ಅಕ್ಷರಗಳನ್ನು ಸ್ವಚ್ಛ ಮಾಡುತ್ತ ಕುಳಿತೆ. ಆರ್ ಅಕ್ಷರದ ಒಳಮೂಲೆಯಲ್ಲಿ ಕಲ್ಲಾಗಿದ್ದ ಹಳೆಯ ಮಸಿಯನ್ನು ದಬ್ಬಣದಿಂದ ಕೆದಕುತ್ತಿದ್ದೆ. ಮಸಿ ಎದ್ದು ಬಂತು. ದಬ್ಬಣದ ತುದಿ ಮೂಲೆಯನ್ನು ಹುಡುಕಿತು. ಅಲ್ಲಿ ಮೂಲೆಯೇ ಇರಲಿಲ್ಲ. ತುದಿ ಜಾರಿ, ಬಟ್ಟಲ ತಳದಲ್ಲಿ ತಿರುಗಿದ ಹಾಗೆ ತಿರುಗಿತು. ಇನ್ನೊಂದು ಅಕ್ಷರ ತೆಗೆದೆ, ಅದರಲ್ಲೂ ಹಾಗೆಯೇ. ಒರೆಸುವ ಅರಿವೆ ಎಂದೂ ಮುಟ್ಟದ ಒಳಸಂದಿಗಳು ಕೂಡ ಗುಂಡಾಗಿದ್ದವು. ಅವು ಸವೆದದ್ದಲ್ಲ. ಕೊರೆದವನು ಯಾರೋ ಏನೋ, ಬೇಕೆಂದೇ ಗುಂಡಾಗಿ ಕೊರೆದಿದ್ದ. ಒರಟು ಕಾಗದ, ತೆಳು ಮಸಿ, ಅವಸರದ ಅಚ್ಚು ಇವನ್ನೆಲ್ಲ ಕಂಡವನು. ಮಸಿ ತುಂಬಿಕೊಳ್ಳುವ ಮೂಲೆಯನ್ನು ತಾನೇ ಮೊದಲು ತೆಗೆದುಹಾಕಿದ್ದ.

"ಚಾಚಾ," ಅಂದೆ, "ಇವು ಸವದಿಲ್ಲ."

ಅವರೂ ದಬ್ಬಣ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. "ನಾನೂ ಇಷ್ಟು ವರ್ಷ ಸವದಾವಂತನ ತಿಳಕೊಂಡಿದ್ನೋ. ಬಾಗಲಕ್ಕ ಆನಿಸಿಟ್ಟಿದ್ದೆ," ಎಂದು ಆ ಅಕ್ಷರವನ್ನು ಮಸಿ ಒರೆಸುವ ಬಟ್ಟೆಯಿಂದಲ್ಲ, ತಮ್ಮ ಅಂಗಿಯ ತುದಿಯಿಂದ ಒರೆಸಿದರು.

ಈಗ ಕೆಲಸ ಏನೆಂದು ಗೊತ್ತಿತ್ತು. ಧೈರ್ಯ ಬೇಕಿತ್ತು. ಅಷ್ಟು ದೊಡ್ಡ ತುಂಡಿಗಾಗಿ ಮತ್ತೆ ಹಾನಗಲ್ಲಿಗೆ ಹೋಗಿ ಹೊಸ ಅಚ್ಚು ಕೊರೆಯಲು ಸಮಯ ಇರಲಿಲ್ಲ. ಬಣ್ಣ ಆರುವ ದಿನಗಳನ್ನು ತೆಗೆದರೆ ಯುಗಾದಿಯ ಮೊದಲು ಒಂದೇ ರವಾನೆಗೆ ದಾರಿ ಇತ್ತು. ಇದ್ದ ಅಚ್ಚಿಗೇ ಅರ ಹಾಕಬೇಕು. ಅಂಚಿಗೆ ಅರ ತಾಗಿದ ಮೇಲೆ ಹಿಂದಕ್ಕೆ ಬರುವ ಹಾಗಿಲ್ಲ. ಒಂದು ಪಾದ ಚಕ್ಕೆ ಹಾರಿದರೆ ಅಕ್ಷರ ಹೋಯಿತು, ಅಕ್ಷರ ಹೋದರೆ ತೋಟ ಹೋಯಿತು. ಅಷ್ಟಲ್ಲದೆ ನಾನು ಹೆಮ್ಮೆಪಟ್ಟು ತೆಗೆದ ಮೂಲೆಗಳನ್ನು ನಾನೇ ಮೊಂಡು ಮಾಡಬೇಕಿತ್ತು. ಅದು ಸುಲಭವಲ್ಲ ಎಂದು ಈ ಕೆಲಸ ಮಾಡಿದವರಿಗೆ ಗೊತ್ತು.

ಚಾಚಾ ನನಗೊಂದು ಎಲೆ ಮಡಿಚಿ ಕೊಟ್ಟು, ಕಿಟಕಿಯ ಬೆಳಕಿಗೆ ಅಡ್ಡವಾಗಿದ್ದ ತಮ್ಮ ಕುರ್ಚಿಯನ್ನು ಸರಿಸಿಕೊಂಡರು. ನಾನು ಅರ ಎತ್ತಿಕೊಂಡೆ.

ಮೊದಲು ಎಂ ಅಕ್ಷರದ ಎರಡು ಪಾದ. ಹೊರ ಅಂಚಿಗೆ ಅರ, ಒಳ ಮೂಲೆಗೆ ದುಂಡು ಉಳಿ, ಆಮೇಲೆ ಬಾಟಲಿಯ ಒಡೆದ ಗಾಜಿನಿಂದ ಕೆರೆತ. ಐ ಸುಲಭವಾಗಿ ಒಪ್ಪಿತು. ಆರ್ ಮತ್ತು ಎ ನಡುವಿನ ಪಾದಗಳನ್ನು ಗಿಡ್ಡ ಮಾಡಿ, ನಡುವೆ ಒಂದು ಜೋಳದ ಕಾಳು ಉರುಳಿ ಹೋಗುವಷ್ಟು ಸಂದು ಬಿಟ್ಟೆ. ಹೊಟ್ಟೆಗಳಿಗೂ ಅದೇ ಅಳತೆ. ಕಾಳು ಹಾಯಬೇಕು, ಹಾಯದಿದ್ದರೆ ಬಣ್ಣ ಮುಚ್ಚುತ್ತದೆ. ಜೆ ಅಕ್ಷರಕ್ಕೆ ಕೆಳಗೆ ಪಾದವಿಲ್ಲ, ತಲೆಯ ಮೇಲಷ್ಟೇ ಅಡ್ಡಪಟ್ಟಿ. ಅದರ ಬಾಲದ ತುದಿಗೆ ಒಂದು ಗುಂಡು ಕೊಟ್ಟೆ. ಸಂಜೆಯ ಬೆಳಕು ಇರುವಾಗಲೇ ಒಂದು ತೇಪೆ ಒತ್ತಿದೆವು. ಮುಳ್ಳುಗಳಿರಲಿಲ್ಲ. ಬಣ್ಣ ಹರಿದಿತ್ತು, ಆದರೆ ಹರಿದು ನಾನು ಬಿಟ್ಟ ಜಾಗವನ್ನಷ್ಟೇ ತುಂಬಿ ನಿಂತಿತ್ತು.

ಮರುದಿನ ಆಕೆ ಬಂದು ನೋಡಿ ಸಂತೋಷಪಟ್ಟಳು. ಸಂತೋಷ ಮುಗಿಸಿ ಹೊಸ ಮಾತು ತೆಗೆದಳು.

"ಹೋಗಾಕ ಇಂಗ್ಲಿಷ್ ಆತು. ಬರಾಕ? ಖಾಲಿ ಪುಟ್ಟಿ ತಿರುಗಿ ಯಲವಿಗಿಗೆ ಬರಬೇಕಲ್ರಿ. ಅದು ಕನ್ನಡದಾಗ ಇರಲಿ. ಹುಬ್ಬಳ್ಳಿ ಈಚೆ ಇಳಿಸೋ ಮಂದಿ ನಮ್ಮವರು."

ಬಡಿಗ ಕೊಟ್ಟ ಸಣ್ಣ ತುಂಡು ನೆನಪಾಯಿತು. ಅದೇ ಕೆಲಸಕ್ಕೆ ಬಂತು.

ಆದರೆ ಕನ್ನಡ ಅಕ್ಷರಕ್ಕೆ ಪಾದ ಎಲ್ಲಿಂದ ತರುವುದು? ನಮ್ಮ ಅಕ್ಷರಗಳು ನೆಲಕ್ಕೆ ಗುಂಡಾಗಿ ಕೂಡುತ್ತವೆ, ಅಡ್ಡಪಟ್ಟಿ ಏನಿದ್ದರೂ ತಲೆಯ ಮೇಲೆ. ಇಂಗ್ಲಿಷಿನವರು ಚಪ್ಪಲಿ ಮೆಟ್ಟಿದರೆ ನಾವು ರುಮಾಲು ಸುತ್ತುತ್ತೇವೆ ಎಂದು ಚಾಚಾ ಹೇಳಿದರು. ಸರಿ, ತಲೆಕಟ್ಟನ್ನೇ ದಪ್ಪ ಮಾಡಿ, ತುದಿ ಗುಂಡು ಮಾಡೋಣವೆಂದು ಬರೆದೆ. ಬರೆದು ನೋಡಿದರೆ ಯಲವಿಗಿ ಎಂಬ ಹೆಸರಿನಲ್ಲಿ ತಲೆಕಟ್ಟು ಇರುವುದು ಮೊದಲನೆಯ ಅಕ್ಷರಕ್ಕೆ ಮಾತ್ರ! ಲಕಾರಕ್ಕೆ ಹುಟ್ಟಿನಿಂದಲೇ ಇಲ್ಲ. ಉಳಿದೆರಡಕ್ಕೆ ಗುಡಿಸು ಬಂದು ತಲೆಕಟ್ಟನ್ನು ಅಳಿಸಿದೆ. ನಾಲ್ವರು ಕುಳಿತ ಕಟ್ಟೆಯಲ್ಲಿ ರುಮಾಲು ಒಬ್ಬನಿಗೆ.

ಆಕೆಯ ಮಾವ ಆ ಹೊತ್ತಿಗೆ ಬಂಡಿ ಹೊಡೆದುಕೊಂಡು ಸೊಸೆಯನ್ನು ಕರೆಯಲು ಬಂದಿದ್ದ. ನನ್ನ ತೊಂದರೆ ಕೇಳಿ ಅಂದ:

"ರುಮಾಲು ಇಲ್ದಾವ ಏನು ಬರಿಗೈಲೆ ಬರತಾನೇನು? ಕೈಯಾಗ ಒಂದು ಬಡಿಗಿನಾರ ಇರತೈತಿ."

ಕುಹಕಕ್ಕೇ ಅಂದದ್ದಿರಬೇಕು. ನನಗೆ ದಾರಿ ಕಂಡಿತು. ತಲೆಕಟ್ಟು ಇಲ್ಲದ ಕಡೆ ಗೆರೆ ನಿಲ್ಲುವ ತುದಿಗಳನ್ನೆಲ್ಲ ದೊಣ್ಣೆಯ ತುದಿಯ ಹಾಗೆ ದಪ್ಪ ಗುಂಡು ಮಾಡಿದೆ. ಲಕಾರದ ಸುರುಳಿಯ ತುದಿಗೊಂದು ಗುಂಡು. ಗುಡಿಸಿನ ಉಂಗುರವನ್ನು ಅಗಲಿಸಿ, ಒಳಗೆ ಜೋಳದ ಕಾಳು ಹಾಯುವಂತೆ ಮಾಡಿದೆ. ನಾಲ್ಕೂ ಅಕ್ಷರಗಳಿಗೆ ಒಂದೇ ತೂಕ ಬಂತು. ಮಿರಜದ ಅಚ್ಚಿನ ಕೆಳಗೆ ಯಲವಿಗಿಯ ಅಚ್ಚು ಒತ್ತಿದರೆ ಎರಡು ಭಾಷೆಯ ಅಕ್ಷರಗಳು ಒಂದೇ ಮನೆಯ ಊಟ ಉಂಡವರ ಹಾಗೆ ಕಂಡವು.

"ಅಜ್ಜಾರ, ದಾರಿ ತೋರಿಸಿದ್ರಿ," ಅಂದೆ.

"ನಾ ಹತ್ತಿ ಹಾಕಾಂವ. ನನ್ನ ಹೆಸರು ತಗೀಬ್ಯಾಡ," ಎಂದು ಎತ್ತು ತಿರುಗಿಸಿದ.

ರವಾನೆಯ ದಿನ ನಾನೂ ಬಂಡಿ ಹತ್ತಿದೆ. ಪುಟ್ಟಿಯೊಳಗೆ ಹುಲ್ಲು, ಬಾಳೆಯ ಪಟ್ಟೆ, ಕಟ್ಟುಕಟ್ಟಾಗಿ ಎಲೆ, ಮೇಲೆ ತಟ್ಟು ಹೊದಿಸಿ ದಬ್ಬಣದಿಂದ ಹೊಲಿದು, ಅದರ ಮೇಲೆ ನಮ್ಮ ತೇಪೆ. ಯಲವಿಗಿ ತಲುಪುವಷ್ಟರಲ್ಲೇ ದಾರಿಯಲ್ಲಿ ಎದುರಾದ ಹೆಂಗಸರು ಕೊಡದಿಂದ ಎರಡು ಸಲ ನೀರು ಹಾಕಿದ್ದರು. ಸ್ಟೇಷನ್ನಿನಲ್ಲಿ ಪುಟ್ಟಿ ಇಳಿಸುತ್ತಲೇ ಹಮಾಲ ನಲ್ಲಿಯಿಂದ ಬಕೆಟ್ಟು ತಂದ. ನಾನು ಕಣ್ಣು ಮುಚ್ಚಿದೆ.

"ಯಾಕ್ರಿ, ನಿಮ್ಮ ಮ್ಯಾಲ ಹಾಕಿಲ್ಲಲ್ಲ?" ಅಂದ ಹಮಾಲ.

ಪಾರ್ಸಲ್ ಗುಮಾಸ್ತರು ಹೊರಗೆ ಬಂದು, ಕನ್ನಡಕ ಇಲ್ಲದೆಯೇ ಬಾಗಿಲಲ್ಲಿ ನಿಂತು ಓದಿದರು: "ಮಿರಜ." ಆಮೇಲೆ ನಕ್ಕು, "ನಮ್ಮ ಚೀಟಿನೂ ಒಂದು ಅಂಟಸ್ತೇನ್ರಿ, ಕಾಯ್ದೆ ಐತಿ. ಅದು ನೀರಾಗ ಹೋದ್ರ ನಿಮ್ದ ಕಾಯತೈತಿ," ಅಂದರು. ಬಂಡಿ ಹೊಡೆದುಕೊಂಡು ಬಂದಿದ್ದ ಮುದುಕ ಎತ್ತುಗಳ ಕೊರಳು ತುರಿಸುತ್ತ ನಿಂತಿದ್ದ. ರೈಲು ಬಂತು, ಪುಟ್ಟಿಗಳು ಹತ್ತಿದವು, ಹೋದವು.

ಆಮೇಲಿನ ದಿನಗಳಲ್ಲಿ ನಾನು ಜೋಡಿಸಿದ ಮೊಳೆಗಳಲ್ಲಿ ಎಷ್ಟು ತಪ್ಪಿದ್ದವೆಂದು ಚಾಚಾ ಯಾರಿಗೂ ಹೇಳಲಿಲ್ಲ. ಅದೂ ಒಂದು ಉಪಕಾರವೇ.

ಯುಗಾದಿಗೆ ಇನ್ನೇನು ಬೇವು ತರಬೇಕು ಅನ್ನುವಾಗ ಯಲವಿಗಿಯಿಂದ ಬರುವ ಬಸ್ಸಿನ ಕಂಡಕ್ಟರ ಕೂಗಿ ಹೇಳಿದ, ಪುಟ್ಟಿ ಬಂದಾವಂತ. ಆಕೆ, ಮಾವ, ನಾನು ಮೂವರೂ ಬಂಡಿಯಲ್ಲಿ ಹೋದೆವು. ಪುಟ್ಟಿಗಳು ಒಂದರೊಳಗೊಂದು ಕೂತು, ಪಾರ್ಸಲ್ ಕೋಣೆಯ ಗೋಡೆಗೆ ಆನಿಕೊಂಡಿದ್ದವು. ಮೇಲಿನ ತೇಪೆ ಎಣ್ಣೆ, ಧೂಳು, ಯಾವ್ಯಾವುದೋ ಊರಿನ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ರೈಲ್ವೆಯ ಕಾಗದದ ಚೀಟಿ ಇದ್ದ ಜಾಗದಲ್ಲಿ ಅಂಟಿನ ಕಲೆ ಇತ್ತು. ನಮ್ಮ ಅಕ್ಷರಗಳು ಬೂದು ಬಣ್ಣಕ್ಕೆ ಇಳಿದಿದ್ದವು, ಆದರೆ ಒಂದೊಂದೂ ತನ್ನ ಪಾದದ ಮೇಲೆ ನಿಂತಿತ್ತು.

ಆಕೆ ಹೆಸರು ನೋಡಲಿಲ್ಲ. ನೇರವಾಗಿ ಹೋಗಿ ಮೇಲಿನ ಪುಟ್ಟಿಯನ್ನು ಎತ್ತಿಟ್ಟು, ಕೆಳಗಿನದರ ಒಳಗೆ ಕೈ ಹಾಕಿದಳು. ಕೈ ಅಲ್ಲಿಯೇ ನಿಂತಿತು. ಹೊರಗೆ ತೆಗೆದಾಗ ಮುಷ್ಟಿಯಲ್ಲಿ ಹೊಸ ಹುಲ್ಲು ಇತ್ತು. ಬಂಗಾರದಂಥ ಒಣ ಹುಲ್ಲು, ಮಿರಜದ್ದು.

ಮುದುಕ ಹತ್ತಿರ ಬಂದ. ಹುಲ್ಲನ್ನು ನೋಡಿದ. ನಲ್ಲಿಗೆ ಹೋಗಿ ಕೈ ತೋಯಿಸಿಕೊಂಡು ಬಂದು, ಹೆಬ್ಬೆರಳಿನಿಂದ ಯಕಾರದ ತಲೆಕಟ್ಟನ್ನು ಗಟ್ಟಿಯಾಗಿ ಉಜ್ಜಿದ. ಬೆರಳು ನೋಡಿಕೊಂಡ. ಇನ್ನೊಮ್ಮೆ ಉಜ್ಜಿದ.

"ಹೋಗವಲ್ಲದು," ಅಂದ.

ಆಮೇಲೆ ರುಮಾಲು ತೆಗೆದು, ಜಾಡಿಸಿ, ಮತ್ತೆ ಸುತ್ತಿಕೊಂಡು, "ಹತ್ತಿ ಬೀಜ ನಾಳಿ ತಿರುಗಿ ಕೊಟ್ಟು ಬರ್ತೇನಿ," ಎಂದ.

"ನಾಳಿ ಯಾಕ್ರಿ ಮಾವಾರ," ಅಂದಳು ಸೊಸೆ, ಹುಲ್ಲನ್ನು ಮತ್ತೆ ಪುಟ್ಟಿಯಲ್ಲಿ ಹಾಸುತ್ತ, "ಬಂಡ್ಯಾಗ ತಂದೇನಿ. ಹಾದಿಮ್ಯಾಲ ಅಂಗಡಿ ಐತಿ."

ಮುದುಕ ಬಂಡಿಯ ಹುಲ್ಲು ಸರಿಸಿ ನೋಡಿದ. ಬೀಜದ ಚೀಲ ಅಲ್ಲಿತ್ತು. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ಎತ್ತುಗಳೂ ಹಿಂದೆಂದೂ ಕೇಳಿರಲಿಕ್ಕಿಲ್ಲ, ಕಿವಿ ನಿಮಿರಿಸಿ ತಿರುಗಿ ನೋಡಿದವು.

ಆ ಅಕ್ಷರ ಆಮೇಲೆ ನನ್ನನ್ನು ಊರೂರು ತಿರುಗಿಸಿತು. ಹಿರೇಕೆರೂರಿನವರು ಬಿತ್ತನೆ ಬೀಜದ ಚೀಲಗಳಿಗೆ ಬೇಕೆಂದರು, ಹಾನಗಲ್ಲಿನವರು ಮಾವಿನ ಬುಟ್ಟಿಗೆ. ಶಿಗ್ಗಾಂವಿಯ ಒಬ್ಬ ಮಿಠಾಯಿ ಅಂಗಡಿಯವ, "ನೋಡಿದ್ರ ಹೊಟ್ಟಿ ತುಂಬಿದಂಗ ಕಾಣತಾವ," ಎಂದು ಅಂಗಡಿಯ ಹಲಗೆಗೇ ಬರೆಸಿಕೊಂಡ. ಒರಟು ಮೈಯ ಮೇಲೆ, ದೂರದಿಂದ ಓದಬೇಕಾದಲ್ಲಿ, ಅವಸರದವರು ಒಂದು ನೋಟದಲ್ಲಿ ಗುರುತು ಹಿಡಿಯಬೇಕಾದಲ್ಲಿ ಅದು ಎಂದೂ ಕೈಬಿಡಲಿಲ್ಲ. ಸಣ್ಣಕ್ಷರದ ಉದ್ದ ಬರಹಕ್ಕೆ ಮಾತ್ರ ಅದು ಸಲ್ಲದು, ಪುಟ ಗದ್ದಲವಾಗುತ್ತದೆ. ಮದುವೆ ಪತ್ರಿಕೆಗೆ ಕೊನೆಯ ತನಕ ಯಾರೂ ಒಪ್ಪಲಿಲ್ಲ. ಚಾಚಾ ಮಾತ್ರ ತಮ್ಮ ಮೊಮ್ಮಗಳ ಮದುವೆಗೆ ಅದೇ ಅಕ್ಷರದಲ್ಲಿ ಹಾಕಿಸಿದರು. ಬೀಗರು ಏನಂದರೋ ತಿಳಿಯದು. ಹಿಂದಿನ ಬಾಗಿಲಿಗೆ ಅವರು ಒಂದು ಕಲ್ಲು ತಂದಿಟ್ಟರು.

ಎಂಬತ್ತರ ದಶಕದಲ್ಲಿ ಒಮ್ಮೆ, ಚಾಚಾ ತೀರಿಕೊಂಡ ಮೇಲೆ, ಯಲವಿಗಿಯಲ್ಲಿ ರೈಲಿಗೆ ಕಾಯುತ್ತಿದ್ದೆ. ಪ್ಲಾಟ್‌ಫಾರ್ಮಿನ ಬಿಸಿಲಿನಲ್ಲಿ ಎಲೆ ಪುಟ್ಟಿಗಳಿದ್ದವು. ತೇಪೆ ಹೊಸದು, ಅಚ್ಚು ಅದೇ. ಮಿರಜದ ಆರ್ ಅಕ್ಷರದ ಒಂದು ಪಾದ ಈಗ ನಿಜವಾಗಿಯೂ ಸವೆದಿತ್ತು. ಎಷ್ಟು ಒತ್ತಿದ್ದರೋ! ನಾನು ನಲ್ಲಿಗೆ ಹೋಗಿ ಬೊಗಸೆ ತುಂಬಿಕೊಂಡು ಬಂದೆ. ಬಂದವನು, ಹಳೆಯ ಅಂಜಿಕೆಯಿಂದ, ಅಕ್ಷರದ ಮೇಲೆ ಬೀಳದಂತೆ ಓರೆಯಾಗಿ ಹಾಕತೊಡಗಿದೆ.

ಪಕ್ಕದಲ್ಲಿ ಕುಳಿತಿದ್ದ ಹಮಾಲ ನನ್ನನ್ನು ಗುರುತಿಸಲಿಲ್ಲ. ಬೀಡಿ ತೆಗೆದು ಹೇಳಿದ:

"ಅಂಜಬ್ಯಾಡ್ರಿ, ಮ್ಯಾಲ ಹಾಕ್ರಿ. ಅದಕ್ಕ ಏನೂ ಆಗಂಗಿಲ್ಲ."

ಬೊಗಸೆಯಲ್ಲಿದ್ದದ್ದನ್ನೆಲ್ಲ ಮೇಲೆ ಹಾಕಿದೆ.